ಘನಕೋನ: ಆಮೆಯ ಬೆನ್ನಿನಿಂದ ಡಿಟೆಕ್ಟರಿನವರೆಗೆ

ಘನಕೋನಕ್ಕೆ ಪಠ್ಯಪುಸ್ತಕಗಳಲ್ಲಿ ಸಿಗುವುದು ಒಂದು ಚಿತ್ರ ಮತ್ತು ಒಂದು ಸೂತ್ರದಷ್ಟು ಜಾಗ ಮಾತ್ರ. ಮುಂದೆ ಬೆಳಕು, ವಿಕಿರಣ, ವಿದ್ಯುತ್ ಕ್ಷೇತ್ರಗಳ ಪಾಠಗಳಲ್ಲಿ ಅದು ಮತ್ತೆ ಮತ್ತೆ ಎದುರಾದರೂ ಹಿಂದಿರುಗಿ ವಿವರಿಸುವವರಿಲ್ಲ. ಇನ್ನೊಂದು ಕಡೆ, ಪ್ರಾಚೀನ ಗಣಿತಜ್ಞ ಮಹಾವೀರಾಚಾರ್ಯನ ಕಾಲದ ಮಳಖೇಡದ ಹೆಸರೆತ್ತಿದೊಡನೆ ಇಂದಿನ ಗಣಿತವೆಲ್ಲ ಅಲ್ಲಿ ಮೊದಲೇ ಸಿದ್ಧವಾಗಿತ್ತೆಂದು ಸಾರುವ ಉತ್ಸಾಹ ಈಚೆಗೆ ಬೆಳೆದಿದೆ. ಮೊದಲನೆಯದು ಪರಿಕಲ್ಪನೆಗೆ ಮಾಡುವ ಅನ್ಯಾಯವಾದರೆ, ಎರಡನೆಯದು ಪ್ರಾಚೀನರಿಗೇ ಮಾಡುವ ಅನ್ಯಾಯ.

ಒಂದು ಬಿಂದುವಿನಿಂದ ನೋಡಿದಾಗ ಸುತ್ತಲಿನ ಸಂಪೂರ್ಣ ಗೋಳದಲ್ಲಿ ಒಂದು ವಸ್ತು ಎಷ್ಟು ಪಾಲನ್ನು ಮರೆಮಾಡುತ್ತದೆ ಎಂಬುದರ ಅಳತೆಯೇ ಘನಕೋನ. ಆ ಬಿಂದುವನ್ನು ಕೇಂದ್ರವಾಗಿಸಿ ಎಳೆದ ಗೋಳದ ಮೇಲೆ ವಸ್ತು ಆವರಿಸುವ ಕ್ಷೇತ್ರಫಲವನ್ನು ತ್ರಿಜ್ಯದ ವರ್ಗದಿಂದ ಭಾಗಿಸಿದರೆ ಅದು ದೊರೆಯುತ್ತದೆ. ಅದರ ಏಕಮಾನ ಸ್ಟೆರೇಡಿಯನ್, ಇಡೀ ಗೋಳದ ಬೆಲೆ ಸುಮಾರು 12.57. ಒಂದು ಅಡಿ ಉದ್ದಗಲದ ಶಹಾಬಾದಿ ಫರಸಿಯನ್ನು ಹತ್ತು ಅಡಿ ದೂರದಲ್ಲಿ ಕಣ್ಣಿಗೆ ನೇರವಾಗಿ ನಿಲ್ಲಿಸಿದರೆ ಅದರ ಘನಕೋನ ಸುಮಾರು 0.01 ಸ್ಟೆರೇಡಿಯನ್, ಅದನ್ನು ಓರೆಯಾಗಿಸಿದರೆ ಬೆಲೆ ಇಳಿಯುತ್ತದೆ, ಇಪ್ಪತ್ತು ಅಡಿಗೆ ಸರಿಸಿದರೆ ಕಾಲುಭಾಗವಾಗುತ್ತದೆ. ವಸ್ತು ಚೌಕವೋ ದುಂಡೋ ಎಂಬ ಪ್ರಶ್ನೆ ಇಲ್ಲಿ ಬರುವುದೇ ಇಲ್ಲ.

ಗೋಳದ ಮೇಲಿನ ತುಂಡನ್ನು ಅಳೆಯುವ ಪ್ರಯತ್ನ ಈ ನೆಲಕ್ಕೆ ಹಳೆಯದು. ಮಾನ್ಯಖೇಟವನ್ನು, ಅಂದರೆ ಸೇಡಂ ತಾಲ್ಲೂಕಿನ ಕಾಗಿಣಾ ದಂಡೆಯ ಇಂದಿನ ಮಳಖೇಡವನ್ನು, ರಾಜಧಾನಿಯಾಗಿಸಿಕೊಂಡಿದ್ದ ಅಮೋಘವರ್ಷ ನೃಪತುಂಗನನ್ನು ಸ್ತುತಿಸಿ ಮಹಾವೀರಾಚಾರ್ಯನು ಸುಮಾರು 850ರಲ್ಲಿ ರಚಿಸಿದ ‘ಗಣಿತಸಾರಸಂಗ್ರಹ’ದ ಕ್ಷೇತ್ರಗಣಿತದಲ್ಲಿ, ಕುಂಡದಂತೆ ತಗ್ಗಾದ ಮತ್ತು ಆಮೆಯ ಬೆನ್ನಿನಂತೆ ಉಬ್ಬಿದ ಮೇಲ್ಮೈಗಳಿಗೆ ಒಂದು ನಿಯಮವಿದೆ: ಪರಿಧಿಯ ಕಾಲುಭಾಗವನ್ನು ವಿಷ್ಕಂಭದಿಂದ ಗುಣಿಸಬೇಕು. ವಿಷ್ಕಂಭವೆಂದರೆ ಬೆನ್ನಿನ ಮೇಲೆ ಬಾಗಿಸಿ ಅಳೆದ ಅಗಲ ಎಂದು ಅರ್ಥೈಸಿದರೆ, ಆಳವಿಲ್ಲದ ಬಟ್ಟಲಿಗೆ ಈ ನಿಯಮ ಬಹುಮಟ್ಟಿಗೆ ಸರಿಹೊಂದುತ್ತದೆ. ಅರ್ಧಗೋಳಕ್ಕೆ ಬಂದಾಗ ಮಾತ್ರ ಶೇ. 21ರಷ್ಟು ಕಡಿಮೆ ಬೀಳುತ್ತದೆ. 1150ರ ‘ಲೀಲಾವತಿ’ಯಲ್ಲಿ ಎರಡನೆಯ ಭಾಸ್ಕರನು ಗೋಳದ ಮೇಲ್ಮೈ ಅದೇ ವ್ಯಾಸದ ವೃತ್ತದ ಕ್ಷೇತ್ರಫಲದ ನಾಲ್ಕು ಪಟ್ಟೆಂದು ನಿಖರವಾಗಿ ಹೇಳಿದನು. ಆದರೆ ಇವರಿಬ್ಬರೂ ಅಳೆದದ್ದು ಮೇಲ್ಮೈಯನ್ನು. ಅದನ್ನು ದೂರದ ವರ್ಗದಿಂದ ಭಾಗಿಸಿ ನೋಡುವ ಬಿಂದುವಿಗೆ ಕಟ್ಟುವ ಹೆಜ್ಜೆ ಅಲ್ಲಿಲ್ಲ.

ಆ ಹೆಜ್ಜೆಯ ಹತ್ತಿರ ಬಂದದ್ದು ಭೂಮಾಪನ. ಗೋಳದ ಮೇಲೆ ಎಳೆದ ತ್ರಿಕೋನದ ಮೂರು ಕೋನಗಳ ಮೊತ್ತ 180 ಡಿಗ್ರಿಯನ್ನು ಮೀರುತ್ತದೆಂದೂ ಆ ಹೆಚ್ಚಳವು ತ್ರಿಕೋನದ ಕ್ಷೇತ್ರಫಲಕ್ಕೆ ಅನುಗುಣವೆಂದೂ ಗಣಿತಜ್ಞ ಆಲ್ಬರ್ಟ್ ಜಿರಾರ್ 1629ರಲ್ಲಿ ಪ್ರಕಟಿಸಿದನು. ಮದರಾಸಿನಲ್ಲಿ 1802ರಲ್ಲಿ ಆಧಾರರೇಖೆ ಅಳೆದ ವಿಲಿಯಂ ಲ್ಯಾಂಬ್ಟನ್‌ನ ತ್ರಿಕೋನ ಸರಣಿಯು ಮುಂದೆ ಚಿಂಚೋಳಿಗೆ ಸನಿಹದ ರೇಖಾಂಶದಲ್ಲಿ ಉತ್ತರಕ್ಕೆ ಸಾಗಿ ಬೀದರಿನ ಸೀಮೆಯನ್ನು ಮುಟ್ಟಿದಾಗ, ಪ್ರತಿ ತ್ರಿಕೋನಕ್ಕೂ ಈ ಹೆಚ್ಚಳವನ್ನು ಲೆಕ್ಕಹಾಕಬೇಕಾಗಿತ್ತು. ಸುಮಾರು 197 ಚದರ ಕಿಲೋಮೀಟರಿಗೆ ಕೋನದ ಒಂದು ಸೆಕೆಂಡಿನಷ್ಟಾಗುವ ಈ ಹೆಚ್ಚಳವನ್ನು ರೇಡಿಯನ್‌ನಲ್ಲಿ ಬರೆದರೆ, ಅದು ಭೂಕೇಂದ್ರದಲ್ಲಿ ಆ ತ್ರಿಕೋನ ಮಾಡುವ ಘನಕೋನವೇ ಆಗಿದೆ.

ಘನಕೋನಕ್ಕೆ ನಿಜವಾದ ಬಾಳು ಬಂದದ್ದು ಎಣಿಕೆಯ ವಿಜ್ಞಾನದಲ್ಲಿ. ಗೈಗರ್ ಮತ್ತು ಮಾರ್ಸ್‌ಡೆನ್ ಚದುರಿದ ಆಲ್ಫಾ ಕಣಗಳನ್ನು ಒಂದೊಂದಾಗಿ ಎಣಿಸಿದಾಗ, ಆ ಎಣಿಕೆಗೆ ಅರ್ಥ ಬಂದದ್ದು ಕಣಗಳು ಬಿದ್ದ ಪರದೆ ಎಷ್ಟು ಘನಕೋನವನ್ನು ಆವರಿಸಿತ್ತೆಂಬುದು ಗೊತ್ತಿದ್ದುದರಿಂದ. ರುದರ್‌ಫೋರ್ಡ್ 1911ರಲ್ಲಿ ಮಂಡಿಸಿದ ಪರಮಾಣು ಚಿತ್ರ ಈ ಬಗೆಯ ಲೆಕ್ಕದ ಮೇಲೆ ನಿಂತಿದೆ. ಕರ್ನಾಟಕದಲ್ಲಿ ಈ ಪರಂಪರೆಯನ್ನು ಶ್ರದ್ಧೆಯಿಂದ ಬೆಳೆಸಿದವು ವಿಶ್ವವಿದ್ಯಾಲಯಗಳ ವಿಕಿರಣ ಪ್ರಯೋಗಶಾಲೆಗಳು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಗಾಮಾ ಕಿರಣಗಳ ಮೇಲೂ, 1980ರಲ್ಲಿ ಸ್ಥಾಪನೆಯಾದ ಗುಲ್ಬರ್ಗ ವಿಶ್ವವಿದ್ಯಾಲಯದಲ್ಲಿ 1990ರ ದಶಕದ ಆರಂಭಕ್ಕೆ ಕಡಿಮೆ ಶಕ್ತಿಯ ಎಕ್ಸ್‌ಕಿರಣಗಳ ಮೇಲೂ ನಡೆದ ಕ್ಷೀಣತೆಯ ಅಳತೆಗಳಲ್ಲಿ, ಅಂದರೆ ಒಂದು ವಸ್ತುವಿನೊಳಗೆ ಹಾದುಬರುವ ಕಿರಣ ಎಷ್ಟು ಸೊರಗುತ್ತದೆಂಬ ಪರೀಕ್ಷೆಗಳಲ್ಲಿ, ಘನಕೋನವನ್ನು ಕಿರಿದಾಗಿ ಹಿಡಿಯುವುದೇ ಮುಖ್ಯ ಕೌಶಲ. ಅದು ಅಗಲವಾದರೆ ದಾರಿ ತಪ್ಪಿ ಚದುರಿದ ಫೋಟಾನುಗಳೂ ಡಿಟೆಕ್ಟರಿನೊಳಗೆ ಬಿದ್ದು ಎಣಿಕೆಯನ್ನು ಕೆಡಿಸುತ್ತವೆ. ವಿಕಿರಣ ಮೂಲದ ಬಲವನ್ನು ಅಳೆಯುವಾಗ ಸಮಸ್ಯೆ ತಿರುವುಮುರುವು: ಹೆಚ್ಚು ಕಣಗಳನ್ನು ಹಿಡಿಯಲು ಡಿಟೆಕ್ಟರನ್ನು ಹತ್ತಿರ ತರಬೇಕು, ಹತ್ತಿರ ತಂದಷ್ಟೂ ಸುಲಭಸೂತ್ರ ಕೈಕೊಡುತ್ತದೆ.

ಐದು ಸೆಂಟಿಮೀಟರ್ ವ್ಯಾಸದ ಡಿಟೆಕ್ಟರನ್ನು ಬಿಂದುವಿನಂಥ ಮೂಲದಿಂದ 10 ಸೆಂಟಿಮೀಟರ್ ದೂರದಲ್ಲಿಟ್ಟರೆ, ಚಪ್ಪಟೆ ಕ್ಷೇತ್ರಫಲವನ್ನು ದೂರದ ವರ್ಗದಿಂದ ಭಾಗಿಸುವ ಈ ಸುಲಭಸೂತ್ರ 0.196 ಎನ್ನುತ್ತದೆ; ನಿಜ ಬೆಲೆ 0.188, ಅಂದರೆ ಹೊರಟ ಕಣಗಳಲ್ಲಿ ನೂರಕ್ಕೆ ಒಂದೂವರೆಯಷ್ಟು ಮಾತ್ರ ಡಿಟೆಕ್ಟರನ್ನು ತಲುಪುತ್ತವೆ. ಅದೇ ಡಿಟೆಕ್ಟರನ್ನು 2.5 ಸೆಂಟಿಮೀಟರಿಗೆ ತಂದರೆ ಸುಲಭಸೂತ್ರದ ಉತ್ತರ 3.14, ನಿಜ ಬೆಲೆ 1.84, ತಪ್ಪು ಶೇ. 71. ಇದೇ ಘನಕೋನಕ್ಕೆ ಏಕಮಾನ ತ್ರಿಜ್ಯದ ಗೋಳದ ತುಂಡನ್ನು ತೆಗೆದುಕೊಂಡು ಮಹಾವೀರನ ನಿಯಮವನ್ನು ಹಚ್ಚಿದರೆ, ಅಂಚಿನ ಪರಿಧಿ 4.44, ಬಾಗಿದ ಅಗಲ 1.57, ಗುಣಿಸಿ ನಾಲ್ಕರಿಂದ ಭಾಗಿಸಿದರೆ 1.74, ತಪ್ಪು ಶೇ. 5ರ ಆಸುಪಾಸು. ಮಹಾವೀರನಿಗೆ ಸಲ್ಲಬೇಕಾದ ಗೌರವ ಇದು: ಅವನು ಘನಕೋನವನ್ನು ಕಂಡುಹಿಡಿಯಲಿಲ್ಲ, ಆದರೆ ಬಾಗಿದ್ದನ್ನು ಬಾಗಿದ್ದೆಂದೇ ತಿಳಿದು ಅಳೆದನು.

ಏಕಮಾನದ ಚರಿತ್ರೆಯೂ ಸುಗಮವಾದುದಲ್ಲ. 1960ರಲ್ಲಿ ಅಂತರರಾಷ್ಟ್ರೀಯ ಪದ್ಧತಿಯು ಸ್ಟೆರೇಡಿಯನ್ನನ್ನು ಪೂರಕ ಏಕಮಾನವೆಂಬ ಪ್ರತ್ಯೇಕ ವರ್ಗದಲ್ಲಿರಿಸಿತು. 1995ರಲ್ಲಿ ಆ ವರ್ಗವನ್ನೇ ತೆಗೆದು ಅದನ್ನು ಆಯಾಮರಹಿತ ವ್ಯುತ್ಪನ್ನ ಏಕಮಾನವೆಂದು ಕರೆಯಿತು. ಆಯಾಮರಹಿತ ಎಂಬ ಮಾತನ್ನು ಅನವಶ್ಯಕ ಎಂದು ಓದಿಕೊಂಡವರು ಲ್ಯೂಮೆನ್ನಿಗೂ ಕ್ಯಾಂಡೆಲಾಕ್ಕೂ ಇರುವ ವ್ಯತ್ಯಾಸವನ್ನೇ ಕಳೆದುಕೊಳ್ಳುತ್ತಾರೆ, ಏಕೆಂದರೆ ಒಂದು ಸ್ಟೆರೇಡಿಯನ್ನಿಗೆ ಒಂದು ಲ್ಯೂಮೆನ್ ಎಂಬುದೇ ಕ್ಯಾಂಡೆಲಾ.

1912ರಲ್ಲಿ ಎಂ. ರಂಗಾಚಾರ್ಯರು ಮದರಾಸಿನಿಂದ ಹೊರತಂದ ಅನುವಾದದಿಂದ ‘ಗಣಿತಸಾರಸಂಗ್ರಹ’ ಹೊರಜಗತ್ತಿಗೆ ಪರಿಚಯವಾಯಿತು; ಪದ್ಮಾವತಮ್ಮನವರ ಶ್ರಮದಿಂದ ಕನ್ನಡದಲ್ಲಿಯೂ ದೊರೆಯಿತು. ಗ್ರಂಥ ಗಣಿತದ ಕಪಾಟಿನಲ್ಲಿದೆ, ಡಿಟೆಕ್ಟರು ಭೌತಶಾಸ್ತ್ರದ ಮೇಜಿನ ಮೇಲಿದೆ. ಸೇಡಂ, ಚಿತ್ತಾಪುರಗಳ ಕಾಲೇಜುಗಳಲ್ಲಿ ಒಂದು ದುಂಡು ಬಟ್ಟಲು, ಒಂದು ದಾರ ಮತ್ತು ಒಂದು ಅಳತೆಪಟ್ಟಿ ಇದ್ದರೆ 3.14, 1.84, 1.74 ಎಂಬ ಮೂರು ಸಂಖ್ಯೆಗಳನ್ನು ಒಂದೇ ಅವಧಿಯಲ್ಲಿ ವಿದ್ಯಾರ್ಥಿಗಳ ಮುಂದಿಡಬಹುದು. ಆ ಪಾಠವನ್ನು ಅಧ್ಯಾಪಕರು ಈ ವರ್ಷವೇ ಆರಂಭಿಸಬೇಕು.