ಪರದೆಯ ಹದಿನಾರು ಬಣ್ಣಗಳು

ಮನೆಯ ಕಂಪ್ಯೂಟರಿನ ಪರದೆ ಇದ್ದಕ್ಕಿದ್ದಂತೆ ಕಪ್ಪಾದಾಗ ಆಗುವ ಗಾಬರಿ ವಾಚಕರಲ್ಲಿ ಅನೇಕರಿಗೆ ಗೊತ್ತಿರಬಹುದು. 2002ರಲ್ಲಿ ಪುಣೆಯ ನಮ್ಮ ಮನೆಯಲ್ಲಿ ಹಾಗಾಯಿತು. ಗೆಳೆಯನೊಬ್ಬನಿಂದ ತಂದ ಸಿ.ಡಿ.ಯಿಂದ ಬೇರಾವುದೋ ಗ್ರಾಫಿಕ್ಸ್ ಕಾರ್ಡಿನ ಡ್ರೈವರನ್ನು ನಾನೇ ಹಾಕಿದ್ದೆ. ಮತ್ತೆ ಚಾಲೂ ಮಾಡಿದರೆ ಬರೀ ಕತ್ತಲು. ಆ ಪೆಟ್ಟಿಗೆಯೊಳಗೆ, ಊರು ಬಿಟ್ಟು ಬಂದ ದಿನಗಳನ್ನು ಕುರಿತು ತಂದೆಯವರು ಕನ್ನಡದಲ್ಲಿ ಟೈಪ್ ಮಾಡಿಟ್ಟಿದ್ದ ನಲವತ್ತು ಪುಟಗಳಿದ್ದವು. ಬೇರೆ ಪ್ರತಿ ಇರಲಿಲ್ಲ. ರಿಪೇರಿಗೆ ಬಂದಾತ, “ಎಲ್ಲ ಅಳಿಸಿ ಹೊಸದಾಗಿ ಹಾಕಬೇಕು” ಎಂದ. “ಪೆಟ್ಟಿಗೆ ಹೋದರೆ ಹೋಗಲಿ, ಅವರು ಬರೆದದ್ದು ಮತ್ತೆ ಬರುತ್ತದೆಯೇ?” ಎಂದರು ತಾಯಿ.

ಆ ಪುಟಗಳನ್ನು ಉಳಿಸಿದ್ದು 1987ರ ಒಂದು ಏರ್ಪಾಡು. ಅದನ್ನು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಪರದೆಯ ಪ್ರತಿಯೊಂದು ಚುಕ್ಕೆಗೂ ಸ್ಮೃತಿಯಲ್ಲಿ ಒಂದು ಸ್ಥಾನ ಕೊಟ್ಟು ಚಿತ್ರ ಮೂಡಿಸುವ ಕ್ರಮವನ್ನು ಜೆರಾಕ್ಸ್ ಕಂಪನಿಯ ಸಂಶೋಧಕರು 1973ರ ಆಲ್ಟೋ ಯಂತ್ರದಲ್ಲಿ ಬಳಸಿದರು. ಅದೇ ಕಂಪನಿಯ ಸ್ಟಾರ್ ಯಂತ್ರ 1981ರಲ್ಲಿ ಮಾರುಕಟ್ಟೆಗೆ ಬಂತು. ಅದರ ಪರದೆಯ ಮೇಲೆ ಕಾಗದ, ಫೋಲ್ಡರ್, ಫೈಲಿನ ಡ್ರಾಯರ್, ಒಳಬರುವ ಹಾಗೂ ಹೊರಹೋಗುವ ಪತ್ರಗಳ ಬುಟ್ಟಿಗಳಿದ್ದವು. ನಮ್ಮಂಥ ಗುಮಾಸ್ತರ ಮೇಜೇ ಅಲ್ಲಿ ‘ಡೆಸ್ಕ್‌ಟಾಪ್’ ಆಗಿತ್ತೆನ್ನಲಡ್ಡಿಯಿಲ್ಲ!

ಅದೇ 1981ರಲ್ಲಿ ಬಂದ ಐ.ಬಿ.ಎಂ. ಪಿ.ಸಿ.ಯ ಬಣ್ಣದ ಕಾರ್ಡು 320×200 ಚುಕ್ಕೆಗಳಲ್ಲಿ ನಾಲ್ಕೇ ಬಣ್ಣ ತೋರಿಸುತ್ತಿತ್ತು. 1987ರಲ್ಲಿ ಅದೇ ಕಂಪನಿ ‘ವಿ.ಜಿ.ಎ.’ ಎಂಬ ಮಾದರಿಯನ್ನು ತಂದಿತು. ಅಗಲಕ್ಕೆ 640, ಎತ್ತರಕ್ಕೆ 480, ಒಟ್ಟು 3,07,200 ಚುಕ್ಕೆಗಳು. ಹದಿನಾರು ಬಣ್ಣಗಳಿಗೆ ಚುಕ್ಕೆಯೊಂದಕ್ಕೆ 4 ಬಿಟ್‌ನಂತೆ 1,53,600 ಬೈಟ್ ಬೇಕು. ಕಾರ್ಡಿನಲ್ಲಿದ್ದ ಸ್ಮೃತಿ 2,62,144 ಬೈಟ್. 256 ಬಣ್ಣ ಬೇಕೆಂದರೆ 3,07,200 ಬೈಟ್ ಆಗುತ್ತದೆ, ಹಿಡಿಸದು. ಆದ್ದರಿಂದ ಆ ಅಳತೆಯಲ್ಲಿ ಹದಿನಾರೇ ಬಣ್ಣ. ಮುಂದೆ ಇತರ ತಯಾರಕರೂ ಇದನ್ನು ಅನುಸರಿಸಿದರು. ಎಷ್ಟೇ ಹೊಸ ಕಾರ್ಡಾದರೂ ಈ ಹಳೆಯ ಭಾಷೆಯನ್ನು ಮರೆಯಲಿಲ್ಲ.

ಈ ಗುಣವನ್ನೇ ನೆಚ್ಚಿ 1995ರ ವಿಂಡೋಸ್ 95ರಲ್ಲಿ ‘ಸೇಫ್ ಮೋಡ್’ ಇಡಲಾಯಿತು. ಯಂತ್ರ ಆರಂಭವಾಗುವಾಗ ಎಫ್8 ಕೀ ಒತ್ತಿ ಅದನ್ನು ಆರಿಸಿದರೆ, ಕಾರ್ಡಿನ ವಿಶೇಷ ಡ್ರೈವರನ್ನು ಬದಿಗಿಟ್ಟು ಸಾಮಾನ್ಯ ವಿ.ಜಿ.ಎ.ಯಲ್ಲಿ ಪರದೆ ತೆರೆಯುತ್ತಿತ್ತು. ನಮ್ಮ ವಿಂಡೋಸ್ 98ರಲ್ಲಿ ಹಾಗೆಯೇ ಮಾಡಿದೆ. ದಪ್ಪ ದಪ್ಪ ಚಿತ್ರಗಳು, ಹದಿನಾರು ಬಣ್ಣಗಳು ಮೂಡಿದವು. ಡಿವೈಸ್ ಮ್ಯಾನೇಜರಿಗೆ ಹೋಗಿ ತಪ್ಪು ಡ್ರೈವರನ್ನು ತೆಗೆದು, ಮತ್ತೆ ಚಾಲೂ ಮಾಡಿ, ನಮ್ಮ ಕಾರ್ಡಿನದೇ ಡ್ರೈವರ್ ಹಾಕಿದೆ. ಪುಟಗಳು ಇದ್ದಂತೆಯೇ ಇದ್ದವು. ತಂದೆಯವರು ಏನೂ ಅನ್ನದೆ, ಮೊದಲು ಎಲ್ಲವನ್ನೂ ಫ್ಲಾಪಿಗೆ ನಕಲು ಮಾಡಿಸಿದರು.

ಕನ್ನಡಕ್ಕಂತೂ ಪರದೆ ಸುಲಭವಾಗಿ ಒಲಿಯಲಿಲ್ಲ. ಆರಂಭದ ಪಿ.ಸಿ.ಗಳಲ್ಲಿ ಅಕ್ಷರಕ್ಕೊಂದರಂತೆ ಒಂದೇ ಅಳತೆಯ ಚೌಕ. ನಮ್ಮ ಒತ್ತಕ್ಷರ ಅದರಲ್ಲಿ ಕೂರುವುದೆಂತು? 1988ರಲ್ಲಿ ಪುಣೆಯಲ್ಲಿ ಆರಂಭವಾದ ಸಿ-ಡ್ಯಾಕ್ ಸಂಸ್ಥೆ, ಕಾನ್ಪುರದ ಐ.ಐ.ಟಿ.ಯಲ್ಲಿ ಮೊಳೆತ ವಿದ್ಯೆಯನ್ನು ಬೆಳೆಸಿ, ಭಾರತೀಯ ಲಿಪಿಗಳಿಗೆಂದೇ ‘ಜಿಸ್ಟ್’ ಕಾರ್ಡ್ ಒದಗಿಸಿತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಎಂಬ ಕನ್ನಡ ಫಾಂಟ್ ಬಂದರೂ, ಕಂಟ್ರೋಲ್ ಪ್ಯಾನೆಲಿನ ಭಾಷಾ ವಿಭಾಗದಲ್ಲಿ ಸಂಕೀರ್ಣ ಲಿಪಿಗಳ ಅಂಕಣಕ್ಕೆ ಗುರುತು ಹಾಕದಿದ್ದರೆ ಒತ್ತಕ್ಷರಗಳು ಸರಿಯಾಗಿ ಕೂಡಿಕೊಳ್ಳುತ್ತಿರಲಿಲ್ಲ.

ಇಂದಿನ ವಿಂಡೋಸ್‌ನಲ್ಲಿ ಆ ಗುರುತು ಬೇಕಿಲ್ಲ. ಪರದೆ ಸ್ತಬ್ಧವಾದರೆ ವಿಂಡೋಸ್, ಕಂಟ್ರೋಲ್, ಶಿಫ್ಟ್, ಬಿ ಈ ನಾಲ್ಕು ಕೀಗಳನ್ನು ಒಟ್ಟಿಗೆ ಒತ್ತಿದರೆ ಗ್ರಾಫಿಕ್ಸ್ ಡ್ರೈವರ್ ಮತ್ತೆ ಆರಂಭವಾಗುತ್ತದೆ. ಆದರೆ ಹಳೆಯ ನಿಯಮ ಬದಲಾಗಿಲ್ಲ: ಮೊದಲು ಪ್ರತಿ ತೆಗೆಯಿರಿ, ಇದ್ದ ಸೆಟ್ಟಿಂಗನ್ನು ಕಾಗದದ ಮೇಲೆ ಬರೆದಿಡಿ, ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ. ಕಚೇರಿಯಲ್ಲಿ ಹಿಂದಿನ ಟಿಪ್ಪಣಿ ನೋಡದೆ ಫೈಲಿನ ಮೇಲೆ ಬರೆಯುತ್ತೇವೆಯೇ?

ತಂದೆಯವರು ಈಗಿಲ್ಲ. ಆ ನಲವತ್ತು ಪುಟಗಳನ್ನು ಯೂನಿಕೋಡಿಗೆ ಬದಲಾಯಿಸಿ ಇಟ್ಟುಕೊಂಡಿದ್ದೇವೆ. ಪುಣೆಯಲ್ಲೇ ಹುಟ್ಟಿದ ಮಗಳು ಅಕ್ಷರ ಕೂಡಿಸಿ ಓದುತ್ತಿದ್ದಾಳೆ. ಸದ್ಯ ಮೂರನೆಯ ಪುಟದಲ್ಲಿದ್ದಾಳೆ.