ನರಹುಲಿಯೂ ನಾಡಮದ್ದೂ

ವಿಜಯಪುರ ಜಿಲ್ಲೆಯ ತಿಕೋಟಾ ಸೀಮೆಯ ಹೊನವಾಡದಂಥ ಊರುಗಳಲ್ಲಿ, ಜೋಳದ ಹೊಲದಲ್ಲಿಯೂ ದ್ರಾಕ್ಷಿಯ ತೋಟದಲ್ಲಿಯೂ ದುಡಿಯುವ ಕೈಗಳ ಮೇಲೆ ಏಳುವ ನರಹುಲಿಯನ್ನು ರೋಗವೆಂದೆಣಿಸಿ ವೈದ್ಯರಲ್ಲಿಗೆ ಹೋದವರು ಹಿಂದೆ ವಿರಳ. ತೊಟ್ಟಿನಂತೆ ಜೋಲುವ ಗಂಟಿನ ಬುಡಕ್ಕೆ ಕುದುರೆಯ ಬಾಲದ ಕೂದಲನ್ನು ಸುತ್ತಿ, ದಿನಕ್ಕಿಷ್ಟು ಬಿಗಿಯುತ್ತ, ರಕ್ತಸಂಚಾರ ನಿಂತು ಅದು ಕಪ್ಪಾಗಿ ಉದುರುವವರೆಗೆ ಕಾಯುವುದು ಒಂದು ಕ್ರಮ. ಎಕ್ಕೆಯ ಹಾಲನ್ನೋ, ಸೋಡಾ ಬೆರೆಸಿದ ಸುಣ್ಣವನ್ನೋ ಕಡ್ಡಿಯ ತುದಿಯಿಂದ ಇಡುವುದು ಇನ್ನೊಂದು. ಇವೂ ಫಲಿಸದಿದ್ದರೆ ದೇವರಿಗೆ ಉಪ್ಪು ಒಪ್ಪಿಸುವ ಹರಕೆ ಕನ್ನಡನಾಡಿನ ಕೆಲವೆಡೆ ಇಂದಿಗೂ ಉಂಟು.

ಈ ಮದ್ದುಗಳಿಗೆ ಶಾಸ್ತ್ರದ ಆಧಾರವಿಲ್ಲದಿಲ್ಲ. ಚರ್ಮಕೀಲ, ಮಶಕ ಮುಂತಾದ ಚರ್ಮದ ಗಂಟುಗಳನ್ನು ಶಸ್ತ್ರದಿಂದ ಕೆತ್ತಿ, ಕ್ಷಾರದಿಂದಲೋ ಅಗ್ನಿಯಿಂದಲೋ ದಹಿಸಬೇಕೆಂದು ಸುಶ್ರುತಸಂಹಿತೆ ವಿಧಿಸಿದೆ. ಆ ಭಾರತೀಯ ವೈದ್ಯಪರಂಪರೆಯನ್ನು, ಆದಿಲಶಾಹಿಗಳ ಬಿಜಾಪುರದ (ಇಂದಿನ ವಿಜಯಪುರದ) ಆಸ್ಥಾನದಲ್ಲಿದ್ದ ಇತಿಹಾಸಕಾರ ಫಿರಿಶ್ತಾ ಪಾರಸಿ ಭಾಷೆಯಲ್ಲಿ ಗ್ರಂಥರೂಪಕ್ಕೆ ತಂದನೆಂಬುದು ಈ ಜಿಲ್ಲೆಯವರು ಅಭಿಮಾನದಿಂದ ನೆನೆಯತಕ್ಕ ಸಂಗತಿ. ಇಂದಿನ ಚರ್ಮವೈದ್ಯರ ಸ್ಯಾಲಿಸಿಲಿಕ್ ಆಮ್ಲವೂ, ದ್ರವ ಸಾರಜನಕವೂ, ವಿದ್ಯುತ್ತಿನ ದಹನವೂ ತತ್ತ್ವದಲ್ಲಿ ಅದೇ ಮಾರ್ಗದವು; ಪ್ರಮಾಣಜ್ಞಾನವೊಂದು ಅಲ್ಲಿ ಅಧಿಕ.

ಪ್ರಾಚೀನರಿಗೆ ಅಗೋಚರವಾಗಿ ಉಳಿದದ್ದು ನರಹುಲಿ ಹಬ್ಬುವ ಬಗೆ. 1907ರಲ್ಲಿ ಇಟಲಿಯ ಜ್ಯುಸೆಪ್ಪೆ ಚಿಯುಫೊ, ಬ್ಯಾಕ್ಟೀರಿಯಾ ದಾಟಲಾರದಂತೆ ಸೋಸಿದ ನರಹುಲಿಯ ರಸದಿಂದಲೂ ಹೊಸ ನರಹುಲಿ ಹುಟ್ಟುವುದನ್ನು ತೋರಿಸಲಾಗಿ, ಕಾರಣವು ವೈರಾಣುವೆಂಬುದು ವ್ಯಕ್ತವಾಯಿತು. ದ್ರಾಕ್ಷಿಬಳ್ಳಿ ಸವರುವ ಚಾಟ್ನಿಯ ಕತ್ತರಿ ಗೀರಿದ ಬೆರಳು, ಬಚ್ಚಲಲ್ಲಿ ನೆನೆದು ಮೆತ್ತಗಾದ ಅಂಗಾಲು, ಒಬ್ಬರ ಗಡ್ಡದಿಂದ ಇನ್ನೊಬ್ಬರ ಗಡ್ಡಕ್ಕೆ ಹೋಗುವ ಕ್ಷೌರದ ಕತ್ತಿ, ಮನೆಮಂದಿಗೆಲ್ಲ ಒಂದೇ ಆದ ಟವೆಲ್ಲು, ಇವೇ ಅದರ ದ್ವಾರಗಳು. ಕೆರೆದುಕೊಂಡರೆ ಒಂದೇ ಮೈಯಲ್ಲಿ ಒಂದು ಹತ್ತಾಗುತ್ತದೆ. ತಗುಲಿದ ಮೇಲೆ ತಿಂಗಳುಗಟ್ಟಲೆ ಅಡಗಿದ್ದು ಏಳುವುದರಿಂದ, ಯಾರಿಂದ ಬಂದಿತೆಂದು ಹೇಳುವುದು ಕಷ್ಟ. ಮಕ್ಕಳಲ್ಲಿಯಂತೂ ಬಹುಪಾಲು ಎರಡು ವರ್ಷಗಳೊಳಗೆ ತಾವಾಗಿಯೇ ಮಾಯವಾಗುವುವು. ಕೂದಲಿಗೂ ಹರಕೆಗೂ ಸಂದ ಕೀರ್ತಿಯಲ್ಲಿ ಹೆಚ್ಚಿನ ಪಾಲು ಶರೀರದ ಸ್ವಶಕ್ತಿಗೇ ಸಲ್ಲತಕ್ಕುದೆಂದು ನನ್ನ ಅಭಿಪ್ರಾಯ.

ಆದುದರಿಂದ ಬೆರಳಿನದೊಂದು ಗಂಟನ್ನು ಕೆಲಕಾಲ ಹಾಗೆಯೇ ಬಿಟ್ಟರೆ ಬಾಧೆಯಿಲ್ಲ. ರಕ್ತ ಒಸರುವ, ಬಣ್ಣ ಬದಲಿಸುವ, ಬೇಗಬೇಗನೆ ಬೆಳೆಯುವ ಗಂಟು, ಮುಖದ ಮೇಲಿನದು, ಗುಹ್ಯಾಂಗದಲ್ಲಿ ಎದ್ದದ್ದು, ವೃದ್ಧಾಪ್ಯದಲ್ಲಿ ಹೊಸದಾಗಿ ತೋರಿದ್ದು, ಇವನ್ನು ಮಾತ್ರ ವಿಜಯಪುರದ ಚರ್ಮವೈದ್ಯರಿಗೆ ತೋರಿಸದೆ ಇರಲಾಗದು. ಮಧುಮೇಹಿಗಳ ಅಂಗಾಲಿಗೆ ಸುಣ್ಣವಿಡುವುದಂತೂ ಇಂದೇ ನಿಲ್ಲಬೇಕು: ಸ್ಪರ್ಶಜ್ಞಾನ ಕುಂದಿದ ಆ ಪಾದಕ್ಕೆ ಸುಟ್ಟದ್ದೇ ಅರಿವಾಗದೆ, ಹುಣ್ಣು ಎಲುಬಿನವರೆಗೂ ಇಳಿಯಬಲ್ಲುದು.