ಮಣ್ಣಿಲ್ಲದ ಕೃಷಿಯ ಅಂಗಡಿ: ಮಾರಬೇಕಾದ್ದು ಏನನ್ನು?

ತಾರಸಿಯ ಮೇಲೆ ಕೊಳವೆಗಳನ್ನು ಜೋಡಿಸಿ, ನೀರು ಹರಿಸಿ ಸೊಪ್ಪು ಬೆಳೆಯುವುದು ನಮ್ಮ ನಗರಗಳಲ್ಲಿ ಈಗ ಅಪರೂಪದ ನೋಟವಲ್ಲ. ಇದಕ್ಕೆ ಬೇಕಾದ ಕೊಳವೆ, ಪಂಪು, ತೆಂಗಿನ ನಾರಿನ ಪುಡಿ, ಪೋಷಕ ದ್ರಾವಣಗಳನ್ನು ಮಾರುವ ಸಣ್ಣ ಅಂಗಡಿಗಳೂ ಹುಟ್ಟಿಕೊಂಡಿವೆ. ಅಂಥ ಅಂಗಡಿ ತೆರೆಯಬೇಕೆನ್ನುವವರು ಬಂಡವಾಳದ ಲೆಕ್ಕಕ್ಕೆ ಮೊದಲು ಹೈಡ್ರೋಪೋನಿಕ್ಸ್‌ನ ಚರಿತ್ರೆಯನ್ನೊಮ್ಮೆ ನೋಡುವುದು ಲೇಸು.

ಪ್ರಯೋಗಾಲಯದಿಂದ ಹಿತ್ತಿಲಿಗೆ

ಇಂಗ್ಲೆಂಡಿನ ಜಾನ್ ವುಡ್‌ವರ್ಡ್ 1699ರಲ್ಲಿ ಪುದೀನ ಜಾತಿಯ ಗಿಡಗಳನ್ನು ಬೇರೆ ಬೇರೆ ನೀರುಗಳಲ್ಲಿ ಬೆಳೆಸಿದ. ಮಳೆನೀರಿಗಿಂತ ಮಣ್ಣು ಕದಡಿದ ನೀರಿನಲ್ಲಿ ಗಿಡ ಚೆನ್ನಾಗಿ ಬೆಳೆಯಿತು. ನೀರಿನ ಜೊತೆಗೆ ಮಣ್ಣಿನಿಂದ ಇನ್ನೇನೋ ಗಿಡಕ್ಕೆ ಬೇಕು ಎಂಬುದು ಇದರಿಂದ ತಿಳಿಯಿತು. ಆ ‘ಇನ್ನೇನೋ’ ಎಂಬುದು ಕೆಲವು ಲವಣಗಳೆಂದು 1860ರ ದಶಕದಲ್ಲಿ ಜರ್ಮನಿಯ ಯೂಲಿಯಸ್ ಸಾಕ್ಸ್ ಮತ್ತು ವಿಲ್ಹೆಲ್ಮ್ ಕ್ನೋಪ್ ತೋರಿಸಿಕೊಟ್ಟರು. ಮುಂದೆ ಬಹುಕಾಲ ಇದು ಪ್ರಯೋಗಾಲಯದ ವಿಧಾನವಾಗಿಯೇ ಉಳಿಯಿತು.

ಅದನ್ನು ಹೊರಗೆ ತಂದವನು ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ವಿಲಿಯಂ ಗೆರಿಕೆ. 1929ರಲ್ಲಿ ಆತ ಈ ವಿಧಾನದಿಂದ ಬೆಳೆ ತೆಗೆಯಬಹುದೆಂದು ಬರೆದ. ಮೊದಲು ಇಟ್ಟ ‘ಆಕ್ವಾಕಲ್ಚರ್’ ಎಂಬ ಹೆಸರು ಜಲಜೀವಿಗಳ ಸಾಕಣೆಗೆ ಆಗಲೇ ಬಳಕೆಯಲ್ಲಿದ್ದುದರಿಂದ, 1937ರಲ್ಲಿ ‘ಹೈಡ್ರೋಪೋನಿಕ್ಸ್’ ಎಂಬ ಹೆಸರನ್ನು ಪ್ರಕಟಿಸಿದ. ಏಣಿ ಹತ್ತಿ ಕೀಳಬೇಕಾದಷ್ಟು ಎತ್ತರದ ಆತನ ಟೊಮೆಟೊ ಬಳ್ಳಿಗಳು ಪತ್ರಿಕೆಗಳಲ್ಲಿ ಮೆರೆದವು. ಜನರಿಗೆ ಹುಚ್ಚು ಹಿಡಿಯಿತು. ಅದರ ಬೆನ್ನಲ್ಲೇ ತೊಟ್ಟಿ, ಲವಣದ ಪುಡಿಗಳನ್ನು ಮಾರುವವರೂ ಬಂದರು.

ಒಂದು ಸುತ್ತೋಲೆಯ ಕಥೆ

ಈ ಅಬ್ಬರದ ನಿಜಾಂಶವನ್ನು ಪರೀಕ್ಷಿಸಿದವರು ಅದೇ ವಿಶ್ವವಿದ್ಯಾಲಯದ ಡೆನ್ನಿಸ್ ಹೋಗ್ಲೆಂಡ್ ಮತ್ತು ಡೇನಿಯಲ್ ಆರ್ನನ್. 1938ರಲ್ಲಿ ಪ್ರಕಟವಾದ ಅವರ ಸುತ್ತೋಲೆಯ ತೀರ್ಮಾನ ನೇರವಾಗಿತ್ತು: ಬೆಳಕು, ಉಷ್ಣತೆ, ಆರೈಕೆ ಸಮನಾಗಿದ್ದರೆ ನೀರಿನ ಬೆಳೆ ಒಳ್ಳೆಯ ಮಣ್ಣಿನ ಬೆಳೆಯನ್ನು ಮೀರಿಸುವುದಿಲ್ಲ. ಮಣ್ಣೇ ಇಲ್ಲದ ಅಥವಾ ಕೆಟ್ಟ ಕಡೆ ಮಾತ್ರ ಇದರಿಂದ ಲಾಭ. ಅದೇ ಕಾಲದಲ್ಲಿ ಪೆಸಿಫಿಕ್ ಸಾಗರದ ವೇಕ್ ದ್ವೀಪದಲ್ಲಿ ವಿಮಾನ ಪ್ರಯಾಣಿಕರಿಗಾಗಿ ಹೀಗೆ ತರಕಾರಿ ಬೆಳೆದದ್ದು ಇದಕ್ಕೆ ತಕ್ಕ ನಿದರ್ಶನ.

ಇಬ್ಬರೂ ದ್ರಾವಣದ ಸೂತ್ರವನ್ನು ಗುಟ್ಟಾಗಿಡದೆ ಎಲ್ಲರ ಮುಂದಿಟ್ಟರು. ಅವರ ಸುತ್ತೋಲೆಯ ಒಂದು ಸೂತ್ರದಲ್ಲಿ, ಲೀಟರ್ ನೀರಿಗೆ ಸುಮಾರು 1.18 ಗ್ರಾಂ ಕ್ಯಾಲ್ಸಿಯಂ ನೈಟ್ರೇಟ್, 0.51 ಗ್ರಾಂ ಪೊಟ್ಯಾಸಿಯಂ ನೈಟ್ರೇಟ್, 0.49 ಗ್ರಾಂ ಮೆಗ್ನೀಸಿಯಂ ಸಲ್ಫೇಟ್, 0.14 ಗ್ರಾಂ ಮೊನೊ ಪೊಟ್ಯಾಸಿಯಂ ಫಾಸ್ಫೇಟ್. ಜೊತೆಗೆ ಕಬ್ಬಿಣ, ಬೋರಾನ್, ಮ್ಯಾಂಗನೀಸ್, ಸತು, ತಾಮ್ರಗಳ ಅಲ್ಪಾಂಶ. 1939ರಲ್ಲಿ ಆರ್ನನ್ ಮತ್ತು ಸ್ಟೌಟ್ ಟೊಮೆಟೊಗೆ ಮಾಲಿಬ್ಡಿನಂ ಕೂಡ ಅವಶ್ಯವೆಂದು ತೋರಿಸಿದರು. ಇಂದು ಅಂಗಡಿಯಲ್ಲಿ ಸಿಗುವ ಬಣ್ಣದ ಚೀಟಿಯ ದ್ರಾವಣಗಳು ಹೆಚ್ಚುಕಡಿಮೆ ಇದೇ ಲವಣಗಳ ಬೇರೆ ಬೇರೆ ಪ್ರಮಾಣಗಳು.

ಎರಡು ಬಾಟಲಿ ಏಕೆ?

ಈ ದ್ರಾವಣಗಳನ್ನು ‘ಎ’, ‘ಬಿ’ ಎಂದು ಎರಡು ಬಾಟಲಿಗಳಲ್ಲಿ ಮಾರುತ್ತಾರೆ. ಇದು ವ್ಯಾಪಾರದ ತಂತ್ರವಲ್ಲ, ರಸಾಯನಶಾಸ್ತ್ರದ ಅಗತ್ಯ. ಗಾಢ ದ್ರಾವಣದಲ್ಲಿ ಕ್ಯಾಲ್ಸಿಯಂ, ಸಲ್ಫೇಟ್ ಹಾಗೂ ಫಾಸ್ಫೇಟ್‌ಗಳೊಡನೆ ಸೇರಿದರೆ ಬಿಳಿ ಗಷ್ಟಾಗಿ ತಳ ಸೇರುತ್ತದೆ, ಗಿಡಕ್ಕೆ ದಕ್ಕುವುದಿಲ್ಲ. ಕಬ್ಬಿಣದ ತೊಡಕೂ ಇಂಥದೇ. 1951ರಲ್ಲಿ ಜೇಕಬ್‌ಸನ್ ಕಬ್ಬಿಣವನ್ನು ಇಡಿಟಿಎ ಎಂಬ ಸಂಯುಕ್ತದೊಡನೆ ಬಂಧಿಸಿ ಕೊಟ್ಟ ಮೇಲೆ ಅದು ಕರಗಿದ ಸ್ಥಿತಿಯಲ್ಲೇ ಉಳಿಯುವಂತಾಯಿತು.

ನಮ್ಮ ಹನಿ ನೀರಾವರಿ ರೈತರಿಗೆ ಪರಿಚಿತವಾದ 19:19:19 ಗೊಬ್ಬರವನ್ನೇ ನೀರಿಗೆ ಹಾಕಿದರೆ ಸಾಲದೇ? ಸಾಲದು. ಅದರಲ್ಲಿ ಕ್ಯಾಲ್ಸಿಯಂ ಇರುವುದಿಲ್ಲ. ಸಾರಜನಕದ ದೊಡ್ಡ ಪಾಲು ಸಾಮಾನ್ಯವಾಗಿ ಯೂರಿಯಾ ರೂಪದಲ್ಲಿರುತ್ತದೆ. ಅದನ್ನು ಮಾರ್ಪಡಿಸುವ ಸೂಕ್ಷ್ಮಜೀವಿಗಳು ಮಣ್ಣಿನಲ್ಲಿ ಹೇರಳ, ತೊಟ್ಟಿಯ ನೀರಿನಲ್ಲಿ ವಿರಳ.

ಕಾಲಿಂಪಾಂಗ್‌ನ ಪಾಠ

ಭಾರತದಲ್ಲಿ ಈ ಪ್ರಯತ್ನಕ್ಕೆ ಹೆಸರಾದದ್ದು ಆಗ ಡಾರ್ಜಿಲಿಂಗ್ ಜಿಲ್ಲೆಯಲ್ಲಿದ್ದ ಕಾಲಿಂಪಾಂಗ್. 1946ರಲ್ಲಿ ಅಲ್ಲಿ ಕೆಲಸ ಆರಂಭಿಸಿದ ಶೋಲ್ಟೊ ಡಗ್ಲಸ್, ದುಬಾರಿ ಉಪಕರಣಗಳನ್ನು ಬದಿಗಿಟ್ಟು ಸ್ಥಳೀಯ ವಸ್ತುಗಳಿಂದಲೇ ನಡೆಯುವ ‘ಬಂಗಾಳ ಪದ್ಧತಿ’ಯನ್ನು ರೂಪಿಸಿದ. ಆತನ ಪುಸ್ತಕ 1951ರಲ್ಲಿ ಹೊರಬಂತು. ಸರಳತೆಯೇ ಅದರ ಬಲ.

ಈ ಚರಿತ್ರೆ ಹೊಸ ಅಂಗಡಿಯವರಿಗೆ ಹೇಳುವುದು ಇಷ್ಟೆ: ಪುಡಿಯಲ್ಲಿ ಗುಟ್ಟಿಲ್ಲ, ಅಳತೆಯಲ್ಲಿದೆ. ಬಯಲುಸೀಮೆಯ ಗಡಸು ಕೊಳವೆಬಾವಿ ನೀರಿನಲ್ಲಿ ಕ್ಯಾಲ್ಸಿಯಂ, ಬೈಕಾರ್ಬನೇಟ್‌ಗಳು ಮೊದಲೇ ಇರುತ್ತವೆ, ಮಳೆನೀರಿನಲ್ಲಿ ಇರುವುದಿಲ್ಲ. ಒಂದೇ ಬಾಟಲಿ ಎರಡರಲ್ಲೂ ಒಂದೇ ಫಲ ಕೊಡಲಾರದು. ಆದ್ದರಿಂದ ಅಂಗಡಿಯಲ್ಲಿ ಮೊದಲು ಇರಬೇಕಾದ್ದು ಪಿಎಚ್ ಮಾಪಕ ಹಾಗೂ ವಿದ್ಯುತ್ ವಾಹಕತೆಯ ಮಾಪಕ. ಗಿರಾಕಿ ತಂದ ನೀರನ್ನು ಪರೀಕ್ಷಿಸಿ, ಪಿಎಚ್ ಸುಮಾರು 5.5ರಿಂದ 6.5ರೊಳಗೆ ಇರಿಸುವ ಬಗೆಯನ್ನು ತಿಳಿಸಬೇಕು. ಬಾಟಲಿಯಲ್ಲಿ ಯಾವ ಲವಣ ಎಷ್ಟಿದೆ ಎಂಬುದನ್ನು ಮುಚ್ಚಿಡಬಾರದು. ಅಂಗಳದಲ್ಲಿ ಒಳ್ಳೆಯ ಮಣ್ಣಿರುವವರಿಗೆ ‘ನಿಮಗೆ ಇದು ಬೇಡ’ ಎನ್ನುವ ಧೈರ್ಯವೂ ಬೇಕು. ಪವಾಡವನ್ನು ಕೊಂಡವನು ಮೊದಲ ಬೆಳೆ ಸೊರಗಿದೊಡನೆ ತೊಟ್ಟಿಯನ್ನು ಮೂಲೆಗೆ ಎಸೆಯುತ್ತಾನೆ. ಅಳೆಯಲು ಕಲಿತವನು ಮುಂದಿನ ಬೆಳೆಗೆ ಮತ್ತೆ ಅಂಗಡಿಗೆ ಬರುತ್ತಾನೆ.